ಎಡಗೈಯ ಗಂಟು

ನನ್ನ ಮಗಳು ಸತ್ತಳೆಂದು ಸರಕಾರ ಹೇಳಿತು. ಗಂಡ ಹೇಳಿದ. ಊರು ಹೇಳಿತು. ಹೆಣ ಸುಟ್ಟು ಹನ್ನೊಂದನೆಯ ದಿನದ ಊಟವನ್ನೂ ಹಾಕಿದರು. ಸುಟ್ಟದ್ದು ನನ್ನ ಮಗಳನ್ನಲ್ಲ ಎಂದವಳು ನಾನೊಬ್ಬಳೇ. ಅದಕ್ಕೆ ನನ್ನನ್ನು ಹುಚ್ಚಿ ಅಂದರು.

ನಾನು ಸಣ್ಣಿ. ಕುಮಟೆಯ ಹತ್ತಿರದ ಕಾಗಾಲದವಳು. ಹಾಲಕ್ಕಿ ಗೌಡರವಳು. ಪೇಟೆಯವರು ನನ್ನ ಮುಖ ನೋಡುವ ಮೊದಲು ಕುತ್ತಿಗೆಯ ಮಣಿಸರ ನೋಡುತ್ತಾರೆ. ಫೋಟೋ ತೆಗೆಯಲು ಬರುವವರಿಗೂ ಮಣಿಸರವೇ ಬೇಕು. ಅದರ ಮೇಲೊಂದು ಬಾಯಿ ಇದೆಯೆಂದು ಯಾರಿಗೂ ನೆನಪಾಗುವುದಿಲ್ಲ. ಅಘನಾಶಿನಿಯ ನೀರು ಇಳಿದಾಗ ಕೆಸರಿನಲ್ಲಿ ಸೊಂಟ ಬಗ್ಗಿಸಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತೇನೆ. ಚಿಪ್ಪು ಕೊಯ್ದು ಅಂಗಾಲಿನಲ್ಲಿ ಜಾಗವೇ ಉಳಿದಿಲ್ಲ. ಉಳಿದ ದಿನ ಹಿತ್ತಲಿನ ಹರಿವೆ, ಬಸಳೆ ಕೊಯ್ದು ಬುಟ್ಟಿ ಹೊತ್ತು ಕುಮಟೆ ಪೇಟೆಗೆ ಹೋಗುತ್ತೇನೆ.

ಮಗಳ ಹೆಸರು ಪವಿತ್ರಾ. ಹದಿಮೂರು ವರ್ಷ. ಬಳಚಿನ ಚಿಪ್ಪನ್ನು ಹಲ್ಲಿನಿಂದ ಬಿಡಿಸಲು ಹೋಗಿ ಮೇಲಿನ ಸಾಲಿನ ಮುಂದಿನ ಹಲ್ಲಿನ ತುದಿ ಮುರಿದುಕೊಂಡಿದ್ದಳು. ಅವಳು ಎಡಚಿ. ಉಣ್ಣುವುದು, ಬರೆಯುವುದು, ಕತ್ತಿ ಹಿಡಿಯುವುದು ಎಲ್ಲ ಎಡಗೈಯಲ್ಲಿ.

ಸೊಪ್ಪು ಕಟ್ಟಲು ನಮ್ಮದೊಂದು ರೀತಿ ಇದೆ. ಬಾಳೆನಾರನ್ನು ಎರಡು ಸುತ್ತು ಸುತ್ತಿ, ಕಿವಿಯ ಹಾಗೆ ಒಂದು ಕುಣಿಕೆ ಬಿಟ್ಟು ತುದಿ ಸಿಕ್ಕಿಸುತ್ತೇವೆ. ಕಿವಿಯ ಪಕ್ಕದ ತುದಿ ಎಳೆದರೆ ಕಟ್ಟು ಬಿಚ್ಚಬೇಕು. ನಾವು ಕಟ್ಟಿದರೆ ಕಿವಿ ಬಲಕ್ಕೆ ಬರುತ್ತದೆ. ಪವಿತ್ರಾ ಕಟ್ಟಿದರೆ ಎಡಕ್ಕೆ ಬರುತ್ತಿತ್ತು. ಬೆಳಗಿನ ಬೋಣಿಗೆಗೆ ಎಡಗೈ ಕಟ್ಟು ಬೇಡವೆಂದು ಬುಟ್ಟಿಗೆ ವಾಪಸು ಎಸೆದವರಿದ್ದಾರೆ. ಅದಕ್ಕೆ ನಾನು ಅವಳಿಗೆ ಹೊಡೆದಿದ್ದೇನೆ. ಹಿಡಿಕಡ್ಡಿಯಿಂದ, ಎಡಗೈಯ ಮೇಲೇ. ಸೀರೆಯ ಚೂರಿನಿಂದ ಆ ಕೈಯನ್ನು ಸೊಂಟಕ್ಕೆ ಕಟ್ಟಿ ಕೂರಿಸಿ ಬಲಗೈಯಲ್ಲಿ ಸೊಪ್ಪು ಕಟ್ಟಿಸಿದ್ದೇನೆ. ಅವಳು ಕಲಿಯಲೇ ಇಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ.

ಮಾಲಿನಿಯ ತವರು ಕುಮಟೆ, ಗಂಡನ ಮನೆ ಹೊನ್ನಾವರ. ತವರಿಗೆ ಬಂದಾಗಲೆಲ್ಲ ನನ್ನ ಹತ್ತಿರವೇ ಹರಿವೆ ಕೊಳ್ಳುತ್ತಿದ್ದಳು. ಹತ್ತು ವರ್ಷದ ಗಿರಾಕಿ. ನಾನು ಸೊಪ್ಪು ಕಟ್ಟುವುದನ್ನು ನಿಂತು ನೋಡಿ, ಒಮ್ಮೆ ನಾರು ಕೇಳಿ ತೆಗೆದುಕೊಂಡು ತಾನೂ ಕಟ್ಟಿ ಕಲಿತಿದ್ದಳು. ಊರಿನ ಶಾಲೆ ಏಳನೆಯ ಇಯತ್ತೆಗೆ ಮುಗಿದಾಗ ಹುಡುಗಿಯನ್ನು ತನ್ನ ಮನೆಯಲ್ಲಿ ಬಿಡು ಅಂದಳು. ಹೊನ್ನಾವರದ ಹೈಸ್ಕೂಲಿಗೆ ಕಳಿಸುತ್ತೇನೆ, ಮನೆಯಲ್ಲಿ ಸಣ್ಣಪುಟ್ಟ ಕೆಲಸ ಮಾಡಿದರೆ ಸಾಕು, ಮಗಳ ಹಾಗೆ ನೋಡಿಕೊಳ್ಳುತ್ತೇನೆ ಅಂದಳು. ಅವಳ ಗಂಡ ಶಾಂತಾರಾಮ ಕಟ್ಟಡದ ಗುತ್ತಿಗೆದಾರ. ನನ್ನ ಗಂಡ ಬೊಮ್ಮನಿಗೂ ಅವನ ಕಟ್ಟಡದಲ್ಲಿ ಕಲ್ಲು ಹೊರುವ ಕೆಲಸ ಸಿಕ್ಕಿತು. ನಾವು ಪುಣ್ಯವಂತರು ಅಂದುಕೊಂಡೆ.

ಸುಗ್ಗಿ ಹಬ್ಬಕ್ಕೆ ಮಗಳನ್ನು ಕರೆದುಕೊಂಡು ಬರಲು ಹೊನ್ನಾವರಕ್ಕೆ ಹೋದೆ. ಗೇಟಿನಲ್ಲೇ ಮಾಲಿನಿ ನಿಂತಿದ್ದಳು. ಕಣ್ಣು ಒದ್ದೆ ಮಾಡಿಕೊಂಡೇ ಮಾತು ಸುರು ಮಾಡಿದಳು. ಹುಡುಗಿ ಬಟ್ಟೆಗಂಟು ಕಟ್ಟಿಕೊಂಡು ಹಿಂದಿನ ದಿನ ಬೆಳಿಗ್ಗೆ ಓಡಿಹೋಗಿದ್ದಾಳಂತೆ. ಹೈಸ್ಕೂಲಿನಲ್ಲಿ ವಿಚಾರಿಸಿದೆ. ದೀಪಾವಳಿಯ ನಂತರ ಅವಳು ಶಾಲೆಗೆ ಬಂದೇ ಇಲ್ಲ ಅಂದರು. ಐದು ತಿಂಗಳು. ನನ್ನ ಮಗಳು ಅಕ್ಷರದ ಮನೆಯಲ್ಲಿದ್ದಾಳೆಂದು ನಾನು ಕೆಸರಿನಲ್ಲಿ ನಿಂತು ಹಿಗ್ಗುತ್ತಿದ್ದ ಐದು ತಿಂಗಳು, ಅವಳು ಅವರ ಪಾತ್ರೆ ತಿಕ್ಕುತ್ತಿದ್ದಳು.

ಹೊನ್ನಾವರದ ಠಾಣೆಗೆ ದೂರು ಕೊಟ್ಟು ಬಂದೆ. ಮರುದಿನ ಅಲ್ಲಿಂದ ಕರೆ ಬಂತು. ಶರಾವತಿ ಸೇತುವೆಯ ಮೇಲೆ ಒಂದು ಗಂಟು ಸಿಕ್ಕಿದೆ ಎಂದರು. ಹವಾಲ್ದಾರ ದಿವಾಕರ ಅದನ್ನು ಟೇಬಲ್ಲಿನ ಮೇಲಿಟ್ಟುಕೊಂಡಿದ್ದ. ಹಳೆಯ ಸೀರೆಯ ತುಂಡು, ನಾಲ್ಕು ತುದಿ, ಎರಡು ಗಂಟು. ಬಿಚ್ಚುವ ತ್ರಾಸನ್ನೂ ತೆಗೆದುಕೊಳ್ಳಲಿಲ್ಲ. ಬದಿಯಿಂದ ಎರಡು ಬೆರಳು ತೂರಿಸಿ ಒಂದು ಲಂಗ ಎಳೆದು ತೋರಿಸಿದ. ನನ್ನ ಮಗಳದ್ದೇ. ನಾನೇ ಹೊಲಿಸಿಕೊಟ್ಟದ್ದು. ಹೌದು ಅಂದೆ. ಕೂಡಲೇ ಅವನು ಬರೆದುಕೊಂಡ. ಲಂಗ ನೋಡಿದ ನನ್ನ ಕಣ್ಣು ಗಂಟು ನೋಡಲಿಲ್ಲ. ಅದು ನನ್ನ ತಪ್ಪು.

ಹನ್ನೆರಡನೆಯ ದಿನ ಹೊಳೆ ಸಮುದ್ರ ಸೇರುವಲ್ಲಿ ಮೀನಿಗೆ ಹೋದವರ ಬಲೆಗೆ ಒಂದು ಹುಡುಗಿಯ ಹೆಣ ಸಿಕ್ಕಿತು. ನಮ್ಮನ್ನು ಕರೆತರಲು ಶಾಂತಾರಾಮ ತನ್ನ ಕಾರನ್ನೇ ಕಳಿಸಿದ. ಒಂಬತ್ತು ತಿಂಗಳು ಆ ಕಾರಿನ ಗಾಜು ಒರೆಸಿದವಳು ನನ್ನ ಮಗಳು. ಅದರೊಳಗೆ ನಾವು ಕೂತದ್ದು ಅದೇ ಮೊದಲು.

ಹೆಣಕ್ಕೆ ಮುಖ ಇರಲಿಲ್ಲ. ಮೀನು ತಿಂದಿತ್ತು. ಚರ್ಮ ಸುಲಿದುಬಂದಿತ್ತು. ಎತ್ತರ ಸರಿ, ವಯಸ್ಸು ಸರಿ ಎಂದು ದಿವಾಕರ ಮೂಗು ಮುಚ್ಚಿಕೊಂಡೇ ಹೇಳಿದ. ಬೊಮ್ಮ ಗೋಡೆಗೆ ಒರಗಿ ಅಳತೊಡಗಿದ. ನಾನು ಬಗ್ಗಿದೆ. ಉಳಿದ ತುಟಿಯನ್ನು ಬೆರಳಿನಿಂದ ಸರಿಸಿದೆ. ಹಲ್ಲು ನೋಡಿದೆ. ಮೇಲಿನ ಸಾಲಿನಲ್ಲಿ ಒಂದೂ ಮುರಿದಿರಲಿಲ್ಲ.

"ಇದು ನನ್ನ ಮಗಳಲ್ಲ," ಅಂದೆ. "ನನ್ನ ಮಗಳ ಮುಂದಿನ ಹಲ್ಲು ಮುರ್ದದೆ."

"ನೀರಲ್ಲಿ ಬಿದ್ದ ಹೆಣ ಮಾರಾಯ್ತಿ. ಎಲ್ಲಾ ಬದಲಾತದೆ."

"ಸತ್ತ ಮೇಲೆ ಹಲ್ಲು ಬೆಳೀತದ್ಯಾ ಸಾಯ್ಬ್ರೇ?"

ಅವನು ನನ್ನ ಎಡಗೈ ಹಿಡಿದು ಹೆಬ್ಬೆರಳಿಗೆ ಮಸಿ ಹಚ್ಚಿದ. ಸರಕಾರಕ್ಕೆ ಎಡಗೈಯ ಹೆಬ್ಬೆಟ್ಟೇ ಬೇಕು. ಬೋಣಿಗೆಗೆ ಬೇಡದ ಕೈ, ದೇವರಿಗೆ ಬೇಡದ ಕೈ, ಬಡವರ ಹೆಣ ಸಾಗಿಸುವಾಗ ಮಾತ್ರ ಬೇಕು. ನಾನು ಮುಷ್ಟಿ ಬಿಗಿದೆ. ಅವನು ಬೆರಳು ಬಿಡಿಸಲು ನೋಡಿದ. ಕೆಸರಿನಿಂದ ಚಿಪ್ಪು ಕಿತ್ತ ಕೈ ಅದು, ಅವನ ಕೈಲಿ ಆಗಲಿಲ್ಲ. ಮಸಿಯನ್ನು ಸೀರೆಗೆ ಒರೆಸಿಕೊಂಡೆ.

ಶಾಂತಾರಾಮ ಬೊಮ್ಮನ ಹೆಗಲ ಮೇಲೆ ಕೈಯಿಟ್ಟು ಆಚೆ ಕರೆದುಕೊಂಡು ಹೋದ. ಒಂಬತ್ತು ತಿಂಗಳಲ್ಲಿ ಅವನು ನನ್ನ ಗಂಡನನ್ನು ಮುಟ್ಟಿದ್ದು ಅದೊಂದೇ ಸಲ. ತಿರುಗಿ ಬಂದ ಬೊಮ್ಮ ಸಹಿ ಹಾಕಿದ. ಹೆಣ ನಮ್ಮದಾಯಿತು.

ಅಲ್ಲಿಂದ ಮುಂದೆ ನನ್ನ ತಲೆ ನನ್ನದಾಗಿ ಉಳಿಯಲಿಲ್ಲ. ಪಕ್ಕದ ಮನೆಯ ಬಂಗಾರಿ ನನ್ನ ಜೊತೆ ಇಪ್ಪತ್ತು ವರ್ಷ ಸೊಪ್ಪು ಮಾರಿದವಳು. ಅವಳೂ ನನ್ನ ತಲೆಗೆ ಎಣ್ಣೆ ಒತ್ತುತ್ತ, ಒಪ್ಪಿಕೊಂಡುಬಿಡು ಅಂದಳು. ಎಲ್ಲರೂ ಒಂದೇ ಮಾತು ಹೇಳಿದರೆ ನಿಜವೇ ಇರಬೇಕಲ್ಲ. ಹಲ್ಲು ಮುರಿದದ್ದು ಹೌದೇ? ಮೇಲಿನದೋ, ಕೆಳಗಿನದೋ? ಕನ್ನಡಿಯ ಮುಂದೆ ನಿಂತು ನನ್ನ ಹಲ್ಲನ್ನೇ ಬೆರಳಿನಿಂದ ಮುಟ್ಟಿ ನೋಡುತ್ತಿದ್ದೆ. ಮಗಳ ಮುಖ ನೆನೆಯಲು ಹೋದರೆ ಆ ಮುಖವಿಲ್ಲದ ಹುಡುಗಿ ಬರುತ್ತಿದ್ದಳು. ಇವಳೇ ಪವಿತ್ರಾ ಆಗಿದ್ದರೆ, ಹೆತ್ತ ಮಗಳನ್ನು ನನ್ನದಲ್ಲ ಎಂದು ದೂಡಿದ ತಾಯಿ ನಾನು.

ಠಾಣೆಯಿಂದ ಕೊಟ್ಟ ಗಂಟನ್ನು ಬೊಮ್ಮ ತಂದು ಗೂಟಕ್ಕೆ ನೇತುಹಾಕಿದ್ದ. ಹನ್ನೊಂದನೆಯ ದಿನ ಊಟ ಮುಗಿದು ನೆಂಟರು ಹೋದ ಮೇಲೆ ಅದನ್ನು ಕೆಳಗಿಳಿಸಿದೆ. ಆತು, ಸತ್ತಿದ್ದಾಳೆ, ಬಟ್ಟೆಯ ವಾಸನೆಯಾದರೂ ನೋಡೋಣ ಎಂದು ಕೂತೆ. ಸೊಪ್ಪಿನ ಕಟ್ಟಿನ ಹಾಗೆಯೇ ಎರಡು ಸುತ್ತು, ಒಂದು ಕಿವಿ. ಕೈ ತಾನಾಗಿ ಬಲಕ್ಕೆ ಹೋಯಿತು. ತುದಿ ಎಳೆದೆ. ಗಂಟು ಬಿಚ್ಚಿಕೊಂಡಿತು.

ನನ್ನ ಮಗಳ ಗಂಟು ನನ್ನ ಕೈಗೆ ಒಂದು ದಿನವೂ ಹೀಗೆ ಬಿಚ್ಚಿದ್ದಿಲ್ಲ. ಬಲಕ್ಕೆ ಕೈ ಹೋಗಿ, ಅಲ್ಲಿ ತುದಿ ಸಿಗದೆ, ಬೈದುಕೊಂಡು ಎಡಕ್ಕೆ ಹುಡುಕಬೇಕಿತ್ತು. ಆರೇಳು ವರ್ಷ ಆ ಸಿಟ್ಟಿಗೇ ಅವಳಿಗೆ ಹೊಡೆದದ್ದು. ಎರಡನೆಯ ಗಂಟನ್ನು ನೋಡಿದೆ. ಅದರ ಕಿವಿಯೂ ಬಲಕ್ಕಿತ್ತು. ಅದನ್ನು ಮುಟ್ಟಲಿಲ್ಲ.

ಇದನ್ನು ಪವಿತ್ರಾ ಕಟ್ಟಿಲ್ಲ. ಪವಿತ್ರಾ ಕಟ್ಟಿದ ಹಾಗೆ ಕಾಣಲಿ ಎಂದು ಯಾರೋ ಕಟ್ಟಿದ್ದಾರೆ. ಸೊಪ್ಪಿನ ಗಂಟು ಬಲ್ಲವರು. ಆ ಮನೆಯಲ್ಲಿ ಅದನ್ನು ಬಲ್ಲವಳು ಮಾಲಿನಿ ಒಬ್ಬಳೇ. ಕಲಿಸಿದವಳು ನಾನೇ.

ಗಂಟು ಎದೆಗೆ ಒತ್ತಿಕೊಂಡು ಠಾಣೆಗೆ ಹೋದೆ. ಇದನ್ನು ಯಾರಾದರೂ ಬಿಚ್ಚಿ ಮತ್ತೆ ಕಟ್ಟಿದ್ದೀರಾ ಎಂದು ಮೊದಲು ಕೇಳಿದೆ.

"ನಿನ್ನ ಹರಕು ಬಟ್ಟೇನ ಯಾರು ಮುಟ್ತಾರೆ?" ಅಂದ ದಿವಾಕರ. "ಸೇತುವೆ ಮೇಲೆ ಇದ್ದ ಹಾಂಗೇ ಕೊಟ್ಟದ್ದು."

ಆಗ ಕಿವಿಯ ವಿಷಯ ಹೇಳಿದೆ. ಅವನು ನಕ್ಕ. ಪಕ್ಕದ ಟೇಬಲ್ಲಿನವನನ್ನು ಕರೆದು ಅವನಿಗೂ ಹೇಳಿಸಿ ಇಬ್ಬರೂ ನಕ್ಕರು. ಗೌಡ್ತಿ ಹರಿವೆ ಕಟ್ಟು ಹಿಡಿದು ಕೋರ್ಟಿಗೆ ಹೋಗುತ್ತಾಳಂತೆ ಅಂದರು. ಇನ್ನೊಮ್ಮೆ ಬಂದರೆ ಮರ್ಯಾದಸ್ಥರ ಮೇಲೆ ಸುಳ್ಳು ಹೇಳಿದ್ದಕ್ಕೆ ಒಳಗೆ ಹಾಕುತ್ತೇನೆ ಎಂದ. ಫೈಲು ಮುಚ್ಚಿತ್ತು. ಅವನಿಗೆ ಅದರೊಳಗೆ ಒಂದು ಹೆಣ ಬೇಕಿತ್ತು, ಸಿಕ್ಕಿತ್ತು. ಯಾರದ್ದಾದರೇನು.

ಹೊನ್ನಾವರದ ಆ ಗೇಟಿನ ಎದುರು ಹೋಗಿ ಕೂತೆ. ಸೊಪ್ಪು ಮಾರಲಿಲ್ಲ, ಮಾತಾಡಲಿಲ್ಲ, ಗಂಟು ತೊಡೆಯ ಮೇಲಿಟ್ಟುಕೊಂಡು ಕೂತೆ. ಮಾಲಿನಿ ಮಹಡಿಯಿಂದ ನೋಡುತ್ತಿದ್ದಳು. ಎರಡನೆಯ ದಿನ ಪೈಪು ಹಿಡಿದು ಅಂಗಳ ತೊಳೆದ ನೀರನ್ನು ನನ್ನ ಮೇಲೆ ಬಿಟ್ಟಳು. ಮೂರನೆಯ ದಿನ ನಾಯಿ ಬಿಟ್ಟಳು. ನಾಲ್ಕನೆಯ ದಿನ ಬೊಮ್ಮ ಬಂದ. ಹೆಂಡತಿಯನ್ನು ಎಬ್ಬಿಸದಿದ್ದರೆ ಕೆಲಸಕ್ಕೆ ಬರಬೇಡ ಅಂದಿದ್ದನಂತೆ ಶಾಂತಾರಾಮ. ಬೊಮ್ಮ ಕೂದಲು ಹಿಡಿದು ರಸ್ತೆಯ ಮೇಲೆ ಎಳೆದ. ಅವನ ಕೈ ಕಚ್ಚಿದೆ. ರಕ್ತ ಬಂತು. ಅವನು ಅಲ್ಲೇ ಕುಕ್ಕರಿಸಿ ಅತ್ತ. ನನಗೆ ಕನಿಕರ ಬರಲಿಲ್ಲ.

ಪಕ್ಕದ ಮನೆಯಲ್ಲಿ ಪಾತ್ರೆ ತಿಕ್ಕುವ ಸುಪ್ರಿಯಾ ಎನ್ನುವ ಹುಡುಗಿ ಇದನ್ನೆಲ್ಲ ನೋಡುತ್ತಿದ್ದಳು. ಸಂಜೆ ಬಸ್ ಸ್ಟ್ಯಾಂಡಿನವರೆಗೆ ಹಿಂದೆ ಬಂದು, ಆಚೀಚೆ ನೋಡಿ, ಬಾಯಿ ಬಿಟ್ಟಳು. ಓಡಿಹೋದಳೆಂದು ಅವರು ಹೇಳುವ ದಿನಕ್ಕೆ ಹಿಂದಿನ ದಿನ ಆ ಮನೆಯ ಅಡುಗೆಮನೆಯಿಂದ ಒಂದು ಕೂಗು ಕೇಳಿತ್ತು. ಮರುದಿನ ಬೆಳಿಗ್ಗೆ ಕೈಗೆ ಬಟ್ಟೆ ಸುತ್ತಿದ ಪವಿತ್ರಾಳನ್ನು ಕಾರಿಗೆ ಹತ್ತಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಕಾರು ಭಟ್ಕಳದ ಕಡೆ ಹೋಯಿತು. ಅಲ್ಲಿ ಮಾಲಿನಿಯ ತಂಗಿಯ ಮನೆ ಇದೆ. ಕೇರಿ ಗೊತ್ತು, ಮನೆ ಗೊತ್ತಿಲ್ಲ ಅಂದಳು. ತನ್ನ ಹೆಸರು ಹೇಳಬೇಡ ಎಂದು ಕೈ ಮುಗಿದಳು. ಆ ಕೈಯಲ್ಲಿ ಸುಟ್ಟ ಕಲೆಗಳಿದ್ದವು.

ಬಂಗಾರಿಗೆ ಹೇಳಿದೆ. ಅವಳು ಈ ಸಲ ಒಪ್ಪಿಕೋ ಅನ್ನಲಿಲ್ಲ, ಬುಟ್ಟಿ ಎತ್ತಿದಳು. ಇಬ್ಬರೂ ಮೊದಲ ಬಸ್ಸಿಗೆ ಭಟ್ಕಳಕ್ಕೆ ಹೋದೆವು. ಸೊಪ್ಪಿನವಳನ್ನು ಯಾರೂ ನೋಡುವುದಿಲ್ಲ, ಬುಟ್ಟಿಯನ್ನು ನೋಡುತ್ತಾರೆ. ಯಾವ ಮನೆಯ ಹಿಂಬಾಗಿಲಿಗೂ ಹೋಗಬಹುದು. ನನ್ನ ದನಿ ಗೊತ್ತಾಗಬಾರದೆಂದು ಬಂಗಾರಿಯೇ ಕೂಗಿದಳು. ನಾನು ಸೆರಗು ತಲೆಗೆಳೆದುಕೊಂಡು ಎಡಗೈಯ ಗಂಟು ಹುಡುಕಿದೆ. ಬಟ್ಟೆ ಒಣಗಿಸುವ ಹಗ್ಗ, ಹಿಡಿಕಡ್ಡಿಯ ಕಟ್ಟು, ತೊಂಡೆ ಚಪ್ಪರದ ದಾರ. ಎಲ್ಲೂ ಕಿವಿ ಎಡಕ್ಕಿರಲಿಲ್ಲ.

ಒಂದು ಮನೆಯ ಹಿತ್ತಲಲ್ಲಿ ಗಿಡ್ಡ ಗೋಡೆಯಾಚೆ ತಲೆ ಬೋಳಿಸಿದ ಹುಡುಗಿಯೊಬ್ಬಳು ಬೆನ್ನು ಹಾಕಿ ಕೂತು ಪಾತ್ರೆ ತಿಕ್ಕುತ್ತಿದ್ದಳು. ಬಲಗೈಯಲ್ಲಿ ತಿಕ್ಕುತ್ತಿದ್ದಳು. ನನ್ನ ಮಗಳಲ್ಲ ಎಂದು ಮುಂದೆ ಹೋದೆ. ಮರುದಿನವೂ ಅದೇ ಹುಡುಗಿ, ಅದೇ ಬಲಗೈ. ಆವತ್ತೂ ಮುಂದೆ ಹೋದೆ.

ಮೂರನೆಯ ದಿನ ಬಂಗಾರಿಯ ಗಂಟಲು ಕಟ್ಟಿತು. ಆದದ್ದಾಗಲಿ ಎಂದು ನಾನೇ ಕೂಗಿದೆ. "ಹರಿವೇ... ಬಸಳೇ..."

ಗೋಡೆಯಾಚೆ ಪಾತ್ರೆ ತಿಕ್ಕುವ ಸದ್ದು ನಿಂತಿತು. ಹುಡುಗಿ ಏಳಲಿಲ್ಲ. ಕುತ್ತಿಗೆ ಮಾತ್ರ ತಿರುಗಿಸಿದಳು. ಬಾಯಿ ತೆರೆದಿತ್ತು. ಮುಂದಿನ ಹಲ್ಲಿನ ತುದಿ ಇರಲಿಲ್ಲ.

ಗೋಡೆ ಹೇಗೆ ಹತ್ತಿದೆನೋ ಗೊತ್ತಿಲ್ಲ. ಬುಟ್ಟಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಅವಳ ಎಡಗೈ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿತ್ತು. ಬಿಚ್ಚಿದೆ. ಅಂಗೈ ಇಡೀ ಬೆಂದು ಬಿರಿದಿತ್ತು. ನಡುವಿನ ಮೂರು ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎಡಗೈಯಿಂದ ದೇವರ ದೀಪ ಮುಟ್ಟಿದಳೆಂದು ಮಾಲಿನಿ ಆ ಕೈಯನ್ನು ಕಾದ ದೋಸೆ ಕಾವಲಿಗೆ ಒತ್ತಿ ಹಿಡಿದಿದ್ದಳು. ಗಾಯ ನೋಡಿದರೆ ನಾನು ಸುಮ್ಮನಿರುವುದಿಲ್ಲ, ಕೇಸಾಗುತ್ತದೆ ಎಂದು ಇಲ್ಲಿಗೆ ಸಾಗಿಸಿದ್ದರು. ತಲೆ ಬೋಳಿಸಿದ್ದರು. ಕೂಗಿದರೆ ನಿನ್ನ ಅವ್ವನನ್ನೇ ಜೈಲಿಗೆ ಹಾಕುತ್ತಾರೆ, ನಿನ್ನನ್ನು ಕೆಲಸಕ್ಕೆ ಕಳಿಸಿದವಳು ಅವಳೇ ಎಂದು ಹೆದರಿಸಿದ್ದರು. ನನ್ನನ್ನು ಉಳಿಸಲು ಅವಳು ಸುಮ್ಮನಿದ್ದಳು.

ಎರಡು ದಿನ ನಾನು ಅವಳನ್ನು ದಾಟಿ ಹೋಗಿದ್ದೆ. ಬಲಗೈಯಲ್ಲಿ ಕೆಲಸ ಮಾಡು ಎಂದು ಆರೇಳು ವರ್ಷ ಹೊಡೆದವಳು, ಬಲಗೈಯಲ್ಲಿ ಕೆಲಸ ಮಾಡುತ್ತಿದ್ದಾಳೆಂದು ಗುರುತು ಹಿಡಿಯದೆ ಹೋಗಿದ್ದೆ.

ಮಾಲಿನಿಯ ತಂಗಿ ಹೊರಗೆ ಬಂದು ಕೂಗಾಡಿದಳು. ಅಕ್ಕನಿಗೆ ಫೋನು ಹಚ್ಚಿ ನನ್ನ ಕಿವಿಗೆ ಹಿಡಿದಳು. ಮಾಲಿನಿಯ ದನಿಯಲ್ಲಿ ನಡುಕವೂ ಇರಲಿಲ್ಲ.

"ಬುದ್ಧಿ ಕಲಿಸ್ದೆ ಸಣ್ಣಿ, ಕೊಂದಿದ್ನಾ? ನೀನೂ ಅದೇ ಕೈಗೇ ಹೊಡೀತಿದ್ದೆ ಅಂತೆ. ಹುಡುಗಿನೇ ಹೇಳ್ತು."

"ಹೌದು, ಹೊಡ್ದೆ," ಅಂದೆ. "ನಾ ಮಾಡಿದ್ದು ನಾ ಹೇಳ್ತೆ. ನೀವು ಮಾಡಿದ್ದು ನೀವು ಹೇಳಿ."

ಮಾಲಿನಿ ಫೋನು ಇಟ್ಟಳು. ನಾನು ಮಗಳ ಬಲಗೈ ಹಿಡಿದು ಮುಂಬಾಗಿಲಿನಿಂದಲೇ ನಡೆದೆ. ತಂಗಿ ಅಡ್ಡ ನಿಂತಳು. ಬಂಗಾರಿ ಅವಳನ್ನು ಬುಟ್ಟಿಯಿಂದ ಬದಿಗೆ ನೂಕಿದಳು.

ಬಸ್ಸಿನಲ್ಲಿ ಅದೇ ಠಾಣೆಗೆ ಬಂದೆವು. ಬಂಗಾರಿ ದಾರಿಯಲ್ಲೇ ಕುಮಟೆಗೆ ಫೋನು ಮಾಡಿದ್ದಳು. ದಿವಾಕರ ಪವಿತ್ರಾಳನ್ನು ನೋಡಿದ. ಯಾರೂ ಕೇಳದೆಯೇ ಅವಳು ತುಟಿ ಎತ್ತಿ ಹಲ್ಲು ತೋರಿಸಿದಳು. ಅವನು ಎದ್ದು ಬಾಗಿಲು ಹಾಕಲು ಹೋದ. ದಾಖಲೆಯಲ್ಲಿ ಹುಡುಗಿ ಸತ್ತಿದ್ದಾಳೆ, ಸರಿಮಾಡಲು ಬಹಳ ಕಷ್ಟ, ಶಾಂತಾರಾಮರನ್ನು ಕರೆಸುತ್ತೇನೆ, ಒಳಗೆ ಕೂತು ಮಾತಾಡಿ ಮುಗಿಸೋಣ ಅಂದ. ಆವರೆಗೆ ನನ್ನನ್ನು ಏಕವಚನದಲ್ಲಿ ಕರೆದವನು ಕುರ್ಚಿ ತೋರಿಸಿದ. ನಾನು ಕುರ್ಚಿಯಲ್ಲಿ ಕೂರಲಿಲ್ಲ. ಹೊಸ್ತಿಲ ಮೇಲೆ ಕೂತೆ. ಬಾಗಿಲು ಹಾಕಲು ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಕುಮಟೆಯ ಬಸ್ಸು ಬಂತು. ಪೇಟೆಯ ಸೊಪ್ಪಿನವರು ಹದಿನಾಲ್ಕು ಮಂದಿ ಬುಟ್ಟಿ ಸಮೇತ ಇಳಿದರು. ಯಾರೂ ಕೂಗಲಿಲ್ಲ. ಠಾಣೆಯ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಒಳಗಿದ್ದವರು ಹೊರಗೆ ಹೋಗುವ ಹಾಗಿರಲಿಲ್ಲ, ಹೊರಗಿನವರು ಒಳಗೆ ಬರುವ ಹಾಗಿರಲಿಲ್ಲ. ಶಾಂತಾರಾಮನ ಕಾರು ಬಂದು ಗೇಟಿನಲ್ಲಿ ನಿಂತಿತು. ಅವನು ಇಳಿಯಲಿಲ್ಲ.

ದಿವಾಕರ ಹಾಳೆ ತೆಗೆದ. ಪವಿತ್ರಾ ಹೇಳಿದಳು, ಅವನು ಬರೆದ. ಕಾವಲಿ ಎಂಬಲ್ಲಿ ಅವನ ಪೆನ್ನು ನಿಂತಿತು. ಬರೀರಿ ಅಂದೆ. ಬರೆದ. ಹುಡುಗಿಯ ಕೈಗೆ ನಾನೂ ಹೊಡೆದಿದ್ದೇನೆ, ಅದನ್ನೂ ಬರೀರಿ ಅಂದೆ. ಅದನ್ನೂ ಬರೆದ. ಕೊನೆಗೆ ಹಾಳೆ ತಿರುಗಿಸಿ ಅವಳ ಮುಂದಿಟ್ಟು ಬಲಗೈಯಲ್ಲಿ ಸಹಿ ಹಾಕು ಅಂದ.

ಪವಿತ್ರಾ ನನ್ನ ಮುಖ ನೋಡಿದಳು. ಆರೇಳು ವರ್ಷ ಅವಳು ಹಾಗೆ ನೋಡಿದ್ದಾಳೆ, ಯಾವ ಕೈ ಎಂದು ಕೇಳುವ ಹಾಗೆ. ನಾನು ಅವಳ ಎಡಗೈಯ ಬಟ್ಟೆ ಬಿಚ್ಚಿದೆ.

"ಎಡಗೈಲೇ ಹಾಕ್ತದೆ," ಅಂದೆ. "ಹೊತ್ತಾತದೆ. ಕಾಯಿರಿ."

ಹೆಬ್ಬೆರಳಿಗೂ ಅಂಟಿದ ಬೆರಳುಗಳಿಗೂ ನಡುವೆ ಪೆನ್ನು ಸಿಕ್ಕಿಸಿಕೊಂಡಳು. ಎರಡು ಸಲ ಬಿತ್ತು. ಎರಡು ಸಲವೂ ನಾನು ಎತ್ತಿಕೊಟ್ಟೆ. ಅವಳ ಕೈ ಮಾತ್ರ ಹಿಡಿದು ಬರೆಸಲಿಲ್ಲ. ಪ ಬರೆದಳು. ವಿ ಬರೆದಳು. ಮೂರನೆಯ ಅಕ್ಷರಕ್ಕೆ ಗಾಯ ಬಿರಿದು ಹಾಳೆ ಒದ್ದೆಯಾಯಿತು. ಅದರ ಮೇಲೆಯೇ ಬರೆದು ಮುಗಿಸಿದಳು. ದಿವಾಕರ ಹಾಳೆ ಎಳೆದುಕೊಂಡು, ಆತಲ್ಲ, ಇನ್ನು ಏಳಿ ಅಂದ.

ನಾನು ಏಳಲಿಲ್ಲ. ಮೆಟ್ಟಿಲ ಮೇಲಿನ ಹದಿನಾಲ್ಕು ಮಂದಿಯೂ ಏಳಲಿಲ್ಲ.

"ಇನ್ನೊಂದು ಹಾಳೆ ತೆಗೀರಿ," ಅಂದೆ. "ನನ್ನ ಮಗಳು ಅಂತ ನೀವು ಸುಟ್ಟದ್ದು ಯಾರ ಮಗಳು? ಹಲ್ಲು ಪೂರಾ ಇದ್ದ ಹುಡುಗಿ. ಅದ್ರ ಅವ್ವ ಇನ್ನೂ ಹುಡುಕ್ತಾ ಇರ್ತದೆ. ಬರೀರಿ."